ಪದಚರ್ಚೆ: ಒಳಗಿನಿಂದ ಬಣ್ಣ ಹೊಡೆಯುವಾಗ ‘ಹಿಂದಿನ ಕೋಟ್’ ಎಂದರೆ ಯಾವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ರಿಮೋಟ್‌ನಿಂದ ಓಡಿಸುವ ಮಾದರಿ ಕಾರುಗಳ ಕವಚಕ್ಕೆ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಚಿಮ್ಮಿಸುವ ಸಲಕರಣೆ) ಬಣ್ಣ ಹೊಡೆಯುವುದು ಹೇಗೆಂದು ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಲಕರಣೆಗಳ ಹೆಸರಿನಲ್ಲಿ ತೊಡಕಿಲ್ಲ. ಏರ್‌ಬ್ರಷ್, ಕಂಪ್ರೆಸರ್, ಟೇಪ್ ಎಲ್ಲವೂ ಹಾಗೆಯೇ ಸಲ್ಲುತ್ತವೆ. ನನಗೆ ಬಿಡಿಸಲಾಗದ ಗಂಟಾಗಿರುವುದು ನಾವು ದಿನವೂ ಆಡುವ ಮೂರು ಮಾತುಗಳು: ಹಿಂದೆ, ಮುಂದೆ, ಮೇಲೆ.

ಈ ಕವಚಗಳು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡಿದಂಥವು. ದಪ್ಪ ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸು. ಡಿಕ್ಕಿಯಾದರೆ ಒಡೆಯುವುದಕ್ಕಿಂತ ಬಾಗುವುದೇ ಹೆಚ್ಚು. ಪ್ಲಾಸ್ಟಿಕ್ ಪಾರದರ್ಶಕವಾದ್ದರಿಂದ ಬಣ್ಣವನ್ನು ಹೊರಮೈಗೆ ಹೊಡೆಯದೆ ಒಳಮೈಗೆ ಹೊಡೆಯುತ್ತಾರೆ. ಆಗ ಗೀರು ಬಿದ್ದರೂ ಅದು ಪ್ಲಾಸ್ಟಿಕ್ಕಿಗೆ ಬೀಳುತ್ತದೆಯೇ ಹೊರತು ಬಣ್ಣಕ್ಕಲ್ಲ, ಹೊಳಪೂ ಪ್ಲಾಸ್ಟಿಕ್ಕಿನದೇ.

ಇದರಿಂದ ಕ್ರಮವೆಲ್ಲ ತಿರುವುಮುರುವಾಗುತ್ತದೆ. ಗೋಡೆಗೆ ಕೊನೆಯಲ್ಲಿ ಹೊಡೆದ ಬಣ್ಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಮೊದಲು ಹೊಡೆದದ್ದೇ ಕಾಣುವುದು. ಕಪ್ಪು ಗೆರೆ, ಕೆಂಪು ಮೈ ಬೇಕಿದ್ದರೆ ಮೊದಲು ಗೆರೆ, ಆಮೇಲೆ ಕೆಂಪು, ಕೊನೆಗೆ ಅದಕ್ಕೆ ತುಂಬು ಕೊಡುವ ಬಿಳಿ. ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ ಎಂಬುದು ಸಾಮಾನ್ಯ ನಿಯಮ. ತೆಳು ಹಳದಿಯ ಹಿಂಬದಿಗೆ ಕಪ್ಪು ಬಿದ್ದರೆ ಅದು ಹಾಯ್ದು ಕಂಡು ಹಳದಿ ಮಂಕಾಗುತ್ತದೆ. ಕಪ್ಪಿನ ಹಿಂಬದಿಗೆ ಹಳದಿ ಬಿದ್ದರೆ ಏನೂ ಆಗುವುದಿಲ್ಲ.

ಈಗ ಈ ಸೂಚನೆಯನ್ನು ಓದಿ: ‘ಕೆಂಪು ಒಣಗಿದ ಮೇಲೆ ಬಿಳಿ ಹೊಡೆಯಿರಿ. ಹಿಂದಿನ ಕೋಟ್ ತೆಳುವಾಗಿರಬೇಕು.’

ತೆಳುವಾಗಿರಬೇಕಾದದ್ದು ಯಾವುದು? ‘ಹಿಂದಿನ ವರ್ಷ’ ಎನ್ನುವ ಅರ್ಥದಲ್ಲಿ ನೋಡಿದರೆ ಕೆಂಪು. ‘ಹಿಂದಿನ ಬಾಗಿಲು’ ಎನ್ನುವ ಅರ್ಥದಲ್ಲಿ ನೋಡಿದರೆ ಬಿಳಿ, ಏಕೆಂದರೆ ಕಾರನ್ನು ನೋಡುವವರಿಗೆ ಕೆಂಪಿನ ಹಿಂದೆ ಇರುವುದು ಅದು. ‘ಮುಂದಿನ ಕೋಟ್’ ಎಂದರೂ ಇದೇ ಪಾಡು. ಕಾಲದ ಹಿಂದೆ, ಜಾಗದ ಹಿಂದೆ ಎರಡಕ್ಕೂ ನಮ್ಮಲ್ಲಿ ಒಂದೇ ಪದ. ಬೇರೆ ಕೆಲಸಗಳಲ್ಲಿ ಸಂದರ್ಭವೇ ಅರ್ಥವನ್ನು ಬಿಡಿಸಿಕೊಡುತ್ತದೆ. ಇಲ್ಲಿ ಎರಡು ಅರ್ಥಗಳೂ ಒಂದಕ್ಕೊಂದು ಎದುರುಬದುರಾಗಿ ನಿಲ್ಲುತ್ತವೆ.

ಕಡೆಗಣಿಸುವಷ್ಟು ಸಣ್ಣ ವಿಷಯ ಇದಲ್ಲ. ಪಾಲಿಕಾರ್ಬೊನೇಟ್‌ಗೆಂದೇ ತಯಾರಾದ ದ್ರಾವಕದ ಸ್ಪ್ರೇ ಬಣ್ಣಗಳು ಪ್ಲಾಸ್ಟಿಕ್ಕಿನ ಮೈಯನ್ನು ಒಂದಿಷ್ಟು ಕಚ್ಚಿ ಹಿಡಿಯುತ್ತವೆ. ನೀರು ಬೆರೆಸುವ ಅಕ್ರಿಲಿಕ್ ಬಣ್ಣಕ್ಕೆ ಆ ಕಚ್ಚು ಇಲ್ಲ, ಅದು ಮೇಲ್ಮೈಗೆ ಅಂಟಿ ಕುಳಿತಿರುತ್ತದೆ ಅಷ್ಟೆ. ಆದ್ದರಿಂದಲೇ ಕವಚವನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು, ಮೊದಲ ಕೋಟನ್ನು ಕಡಿಮೆ ಒತ್ತಡದಲ್ಲಿ ಮಂಜು ಕವಿದ ಹಾಗೆ ಹಾಯಿಸಿ, ಬಿಸಿಗಾಳಿಯಲ್ಲಿ ಒಣಗಿಸಿಕೊಂಡು ಮುಂದುವರಿಯಬೇಕು. ಮೊದಲ ಕೋಟೇ ದಪ್ಪವಾದರೆ ನುಣುಪು ಮೈಯ ಮೇಲೆ ಬಣ್ಣ ಹನಿಗಟ್ಟಿ ಮೂಲೆಗಳಿಗೆ ಹರಿಯುತ್ತದೆ. ಒಣಗಿದ ಮೇಲೂ, ಬಣ್ಣ ತಾಗದಿರಲೆಂದು ಅಂಟಿಸಿದ ಟೇಪ್ ಕೀಳುವಾಗ ಹಾಳೆಯಂತೆ ಎದ್ದುಬರುತ್ತದೆ. ‘ಹಿಂದಿನ ಕೋಟ್’ ಎಂದರೆ ಬಿಳಿ ಎಂದುಕೊಂಡವರು ಕೆಂಪನ್ನು ಧಾರಾಳವಾಗಿ ಹೊಡೆದುಬಿಡುತ್ತಾರೆ. ಅಳಿಸಿ ಮತ್ತೆ ಹೊಡೆಯೋಣವೆಂದರೆ, ಅಸಿಟೋನ್, ಥಿನ್ನರ್‌ಗಳು ಪ್ಲಾಸ್ಟಿಕ್ಕನ್ನೇ ಮಬ್ಬಾಗಿಸಿ ಬಿರುಕು ಬಿಡಿಸುತ್ತವೆ.

‘ಮೇಲೆ’ ಎಂಬುದರ ಕಥೆ ಬೇರೆ. ‘ಕೆಂಪಿನ ಮೇಲೆ ಬಿಳಿ’ ಎಂದಾಗ ಬಣ್ಣ ಹೊಡೆಯುವ ಕೈಗೆ ಅದು ನಿಜ, ಹೊರಗಿನಿಂದ ನೋಡುವ ಕಣ್ಣಿಗೆ ಸುಳ್ಳು. ಕೈಪಿಡಿಯುದ್ದಕ್ಕೂ ಹೊಡೆಯುವವರ ಕಡೆಯಿಂದಲೇ ಮಾತನಾಡುವುದು ಎಂದು ಆರಂಭದಲ್ಲೇ ಹೇಳಿಬಿಟ್ಟರೆ ಇದು ಬಗೆಹರಿಯುತ್ತದೆ ಎಂದುಕೊಂಡಿದ್ದೇನೆ. ‘ಹಿಂದಿನ’ ಪದಕ್ಕೆ ಆ ಉಪಾಯವೂ ನಡೆಯುವುದಿಲ್ಲ.

ನನಗೆ ಹೊಳೆದಿರುವ ದಾರಿ ‘ಬೆನ್ನು’. ‘ಅದರ ಬೆನ್ನಲ್ಲೇ ಇದು ಬಂತು’ ಎನ್ನುವಾಗ ಬೆನ್ನು ಎಂದರೆ ಆಮೇಲೆ ಎಂದೇ. ಜಾಗದಲ್ಲಿಯೂ ಬೆನ್ನು ಹಿಂಬದಿಯೇ. ಕಾಲವೂ ಜಾಗವೂ ಒಂದೇ ಕಡೆಗೆ ಮುಖ ಮಾಡುವ ಪದ ಇದೊಂದೇ ನನಗೆ ಕಂಡದ್ದು. ಹಾಗಾಗಿ ಕೊನೆಯ ಬಿಳಿಗೆ ‘ಬೆನ್ನುಬಣ್ಣ’ ಎನ್ನುವ ಮನಸ್ಸಿದೆ. ‘ಹಿನ್ನೆಲೆ ಬಣ್ಣ’ ಎಂದರೆ ಚಿತ್ರದ ಹಿನ್ನೆಲೆ ನೆನಪಾಗುತ್ತದೆ, ಅದು ಬೇಡ. ಆದರೆ ‘ಕೆಂಪಿನ ಬೆನ್ನಲ್ಲೇ ಬಿಳಿ ಹೊಡೆಯಿರಿ’ ಎಂದು ಬರೆಯಲು ಬರುವುದಿಲ್ಲ. ಬೆನ್ನಲ್ಲೇ ಎಂದರೆ ಬಿಡುವಿಲ್ಲದೆ ಎಂದಾಗುತ್ತದೆ, ಇಲ್ಲಿಯೋ ನಡುವೆ ಒಣಗುವ ಬಿಡುವು ಬೇಕೇ ಬೇಕು. ನಾಮಪದವಾಗಿ ಒಪ್ಪುವ ಪದ ಅವ್ಯಯವಾಗಿ ಒಪ್ಪುತ್ತಿಲ್ಲ. ‘ಅಸ್ತರು’ ಎನ್ನಬಹುದೇ? ಬಟ್ಟೆಯ ಅಸ್ತರಿನಂತೆ ಇದೂ ಒಳಬದಿಯಲ್ಲಿದ್ದು ಹೊರಗಿನದಕ್ಕೆ ಮೈ ತುಂಬಿಸುತ್ತದೆ. ಹೊಳೆಯುವ ಫ್ಲೂರಸೆಂಟ್ ಬಣ್ಣಗಳಿಗಂತೂ ಬಿಳಿಯ ಅಸ್ತರು ಇಲ್ಲದೆ ಕಳೆಯೇ ಬರುವುದಿಲ್ಲ.

ಇನ್ನೊಂದು ಪದಕ್ಕೆ ನಿಮ್ಮ ಒಪ್ಪಿಗೆ ಬೇಕು. ಬಣ್ಣ ತಾಗಬಾರದ ಕಡೆ ರಬ್ಬರಿನಂಥ ದ್ರವವನ್ನು ಬಳಿದು ಒಣಗಿಸಿ, ಚೂಪು ಬ್ಲೇಡಿನಿಂದ ಗೆರೆಯಂತೆ ಕೊರೆದು, ಬೇಕಾದಷ್ಟನ್ನು ಮಾತ್ರ ಸುಲಿಯುತ್ತಾರೆ. ಬ್ಲೇಡಿನ ತುದಿಯಿಂದ ಅಂಚನ್ನು ಎಬ್ಬಿಸಿ ಮೆಲ್ಲಗೆ ಎಳೆದರೆ ಅದು ಹಿಗ್ಗುತ್ತ ಒಂದೇ ತುಂಡಾಗಿ ಕಳಚಿಕೊಳ್ಳುತ್ತದೆ, ಕೆಳಗೆ ತೊಳೆದಷ್ಟು ಶುಭ್ರವಾದ ಪ್ಲಾಸ್ಟಿಕ್ ಕಾಣುತ್ತದೆ. ಇದಕ್ಕೆ ‘ಪೊರೆ’ ಎನ್ನುವುದೇ ಚೆಂದ. ಹಾವು ಬಿಡುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಕಳಚುವ ಅರ್ಥ, ಮರೆಮಾಡುವ ಅರ್ಥ ಎರಡೂ ಅದರಲ್ಲಿವೆ. ಕವಚದ ಹೊರಮೈಗೆ ಅಂಟಿಕೊಂಡೇ ಬರುವ, ಕೆಲಸವೆಲ್ಲ ಮುಗಿದ ಮೇಲೆ ಕೀಳುವ ರಕ್ಷಣೆಯ ಹಾಳೆಗೆ ‘ಹೊರಪೊರೆ’ ಎಂದರಾಯಿತು.

ನೀರು ಬೆರೆಸುವ ಅಕ್ರಿಲಿಕ್ ಬಣ್ಣಕ್ಕೆ ‘ಜಲವರ್ಣ’ ಎಂದು ಸೂಚಿಸುವವರಿಗೆ ಮೊದಲೇ ವಿನಂತಿ: ಅದು ಕಾಗದದ ಮೇಲಿನ ಚಿತ್ರಕ್ಕೆ ನಿಂತುಹೋದ ಪದ, ಆ ಬಣ್ಣ ಒಣಗಿದರೂ ನೀರಿಗೆ ಮತ್ತೆ ಕರಗುತ್ತದೆ. ಅಕ್ರಿಲಿಕ್ ಒಣಗಿದರೆ ಹಾಗೆ ಕರಗುವುದಿಲ್ಲ. ‘ಸಿಂಪಡಿಸು’ ಎಂಬುದೂ ಹನಿಗಳನ್ನು ನೆನಪಿಸುತ್ತದೆ; ‘ಹೊಡೆ’ ಸಾಕು.

ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆಯುವವರೂ ಇದೇ ಕ್ರಮದಲ್ಲಿ, ಒಡವೆ, ಕಣ್ಣು, ಹುಬ್ಬುಗಳನ್ನು ಮೊದಲು ಬರೆದು ಹಿನ್ನೆಲೆಯನ್ನು ಕೊನೆಗೆ ತುಂಬುತ್ತಾರೆ. ಆ ಕೆಲಸ ಬಲ್ಲ ಕನ್ನಡಿಗರು, ಮೊದಲು ಹಚ್ಚುವ ಬಣ್ಣಕ್ಕೂ ಕೊನೆಗೆ ತುಂಬುವ ಬಣ್ಣಕ್ಕೂ ತಮ್ಮೊಳಗೆ ಏನೆಂದು ಹೇಳಿಕೊಳ್ಳುತ್ತಾರೆ? ಅಂಥವರ ಬಾಯಲ್ಲಿ ಕೇಳಿದ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅದು ಸಿಕ್ಕರೆ ‘ಬೆನ್ನುಬಣ್ಣ’ವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.