ಬುಷ್ ಪ್ರೆಸ್ಸಿಂಗ್ ಸಿಲಿಂಡರ್‌ಗಳಿಗೆ ಗಾಳಿ ಸಾಲುತ್ತಿಲ್ಲ, ಕಂಪ್ರೆಸರ್ ದೊಡ್ಡದು ಹಾಕಬೇಕಾ?

ಪೀಣ್ಯ_ಫಿಕ್ಸ್ಚರ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶಾಪ್ ಇದೆ. ನೈಲಾನ್ ಬುಷ್ ಪ್ರೆಸ್ ಮಾಡುವ 10 ಸ್ಟೇಷನ್. ಒಂದೊಂದಕ್ಕೂ 63 ಮಿ.ಮೀ. ಬೋರ್, 200 ಮಿ.ಮೀ. ಸ್ಟ್ರೋಕ್‌ನ ಡಬಲ್ ಆಕ್ಟಿಂಗ್ (ಹೋಗೋಕೂ ಬರೋಕೂ ಗಾಳಿಯೇ ತಳ್ಳುವ) ಸಿಲಿಂಡರ್, ಅಡ್ಡ ಕೂರಿಸಿದ್ದು. ಲೈನ್ ಪ್ರೆಷರ್ 6 ಬಾರ್. ನಿಮಿಷಕ್ಕೆ 10 ಸಲ ಹೋಗಿ ಬರುತ್ತೆ. ಕಂಪ್ರೆಸರ್ 15 ಕಿಲೋವ್ಯಾಟ್ ಸ್ಕ್ರೂ, ನೇಮ್ ಪ್ಲೇಟ್‌ನಲ್ಲಿ ನಿಮಿಷಕ್ಕೆ 2,200 ಲೀಟರ್ ಅಂತ ಇದೆ, ಕಟ್ ಆಫ್ (ಗಾಳಿ ತುಂಬೋದು ನಿಲ್ಲಿಸುವ ಪ್ರೆಷರ್) 8 ಬಾರ್‌ಗೆ ಇಟ್ಟಿದ್ದೇವೆ.

ತೊಂದರೆ ಏನಂದ್ರೆ ಕಂಪ್ರೆಸರ್ ಶಿಫ್ಟ್ ಪೂರ್ತಿ ಲೋಡ್‌ನಲ್ಲೇ (ಗಾಳಿ ತುಂಬುತ್ತಲೇ) ಓಡುತ್ತೆ. ಮಧ್ಯಾಹ್ನ ಲೈನ್ ಪ್ರೆಷರ್ 5ಕ್ಕೆ ಇಳಿದು ಎರಡು ಸ್ಟೇಷನ್‌ನಲ್ಲಿ ಬುಷ್ ಅರ್ಧಕ್ಕೇ ನಿಲ್ಲುತ್ತೆ. ಸಪ್ಲೈಯರ್ 22 ಕಿಲೋವ್ಯಾಟ್ ಹಾಕಿ ಅಂತಾರೆ. ನಮ್ಮ ಸೂಪರ್‌ವೈಸರ್ ಬೇರೆ ಮಾತು ಹೇಳ್ತಾರೆ: ಬುಷ್ ಒತ್ತಿದ ಮೇಲೆ 2 ಸೆಕೆಂಡ್ ಹಿಡಿದುಕೊಳ್ಳುತ್ತಲ್ಲ, ಅದನ್ನು ಅರ್ಧ ಸೆಕೆಂಡ್ ಮಾಡಿದರೆ ಗಾಳಿ ಉಳಿಯುತ್ತೆ ಅಂತ. ಯಾವುದು ಸರಿ?

ಲೈನ್_ಮೇಂಟೆನೆನ್ಸ್

ಹೋಲ್ಡ್ ಟೈಮ್ ಮುಟ್ಟಬೇಡಿ ಸರ್. ಹಿಡಿದುಕೊಂಡಿರುವಾಗ ಸಿಲಿಂಡರ್ ಗಾಳಿ ತಿನ್ನೋದಿಲ್ಲ. ಒಳಗೆ ತುಂಬಿದ ಗಾಳಿ ಅಲ್ಲೇ ಇರುತ್ತೆ, ಸೀಲ್ ಸರಿ ಇದ್ದರೆ ಎರಡು ಸೆಕೆಂಡಾದರೂ ಎರಡು ಗಂಟೆಯಾದರೂ ಒಂದೇ. ಖರ್ಚಾಗೋದು ಪಿಸ್ಟನ್ ಓಡಿದಾಗ ಮಾತ್ರ.

ಮೊದಲು ಸಿಲಿಂಡರ್‌ಗೆ ಎಷ್ಟು ಬೇಕು ಅಂತ ಲೆಕ್ಕ ಹಾಕೋಣ. 63 ಬೋರ್, 200 ಸ್ಟ್ರೋಕ್ ಅಂದರೆ ಒಳಗಿನ ಜಾಗ 0.62 ಲೀಟರ್. ವಾಪಸ್ ಬರುವ ಕಡೆ 20 ಮಿ.ಮೀ. ರಾಡ್ ಕಳೆದರೆ 0.56. ಇದನ್ನು 6 ಬಾರ್‌ಗೆ ತುಂಬಬೇಕು. ಪುಸ್ತಕದಲ್ಲಿ 7 ಪಟ್ಟು ಅಂತ ಇರುತ್ತೆ, ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ 0.91 ಬಾರ್ ಹತ್ತಿರ, ಹಾಗಾಗಿ 7.6 ಪಟ್ಟು ಹಿಡಿಯಿರಿ. ಹೋಗಿ ಬರೋಕೆ ಸುಮಾರು 9 ಲೀಟರ್. 10 ಸಿಲಿಂಡರ್, ನಿಮಿಷಕ್ಕೆ 10 ಸಲ, 900 ಲೀಟರ್. ಟ್ಯೂಬ್ ತುಂಬೋದನ್ನೂ ಸೇರಿಸಿ 1,000 ಅನ್ನೋಣ.

ಕಂಪ್ರೆಸರ್ ಕೊಡ್ತಿರೋದು 2,200. ಮಿಕ್ಕಿದ 1,200 ಎಲ್ಲಿಗೆ ಹೋಗ್ತಿದೆ? ಇದು ಗೊತ್ತಾಗದೆ 22 ಕಿಲೋವ್ಯಾಟ್ ತಂದರೆ ಅದನ್ನೂ ಸೋರುವ ಜಾಗಗಳೇ ನುಂಗುತ್ತವೆ.

ಒಂದು ಭಾನುವಾರ ಯಾವ ಮಷಿನ್ನೂ ಓಡಿಸದೆ, ಲೈನ್ ವಾಲ್ವ್‌ಗಳನ್ನೆಲ್ಲ ತೆರೆದಿಟ್ಟು ಕಂಪ್ರೆಸರ್ ಮಾತ್ರ ಓಡಿಸಿ. ಎಷ್ಟು ಸೆಕೆಂಡ್ ಲೋಡ್, ಎಷ್ಟು ಸೆಕೆಂಡ್ ಅನ್‌ಲೋಡ್ (ಗಾಳಿ ತುಂಬದೆ ಸುಮ್ಮನೆ ತಿರುಗೋದು) ಅಂತ ಐದಾರು ಸಲ ಬರೆದುಕೊಳ್ಳಿ. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸೋರಿಕೆ ಎಷ್ಟು ಪರ್ಸೆಂಟ್ ಅಂತ ಬರುತ್ತೆ.

ಪೀಣ್ಯ_ಫಿಕ್ಸ್ಚರ್

ಮಾಡಿ ನೋಡಿದೆ ಸರ್. ಲೋಡ್ 70 ಸೆಕೆಂಡ್, ಅನ್‌ಲೋಡ್ 130. ಅಂದರೆ 35 ಪರ್ಸೆಂಟ್, ನಿಮಿಷಕ್ಕೆ 770 ಲೀಟರ್! ಯಾರೂ ಕೆಲಸ ಮಾಡದೇ ಇರುವಾಗ! ನಿಜವಾಗಿ ಹೊಟ್ಟೆ ಉರಿದುಹೋಯ್ತು. ಎಲ್ಲಿಂದ ಹುಡುಕೋದು?

ಟ್ಯೂಬ್_ಕಟರ್

ಎಲ್ಲಾ ನಿಲ್ಲಿಸಿ ಐದು ನಿಮಿಷ ಸುಮ್ನೆ ಲೈನ್ ಪಕ್ಕ ನಡೆಯಿರಿ, ಅರ್ಧದಷ್ಟು ಕಿವಿಗೇ ಸಿಗುತ್ತೆ. ಉಳಿದದ್ದಕ್ಕೆ ಸೋಪಿನ ನೀರು, ಬ್ರಷ್. ಎಫ್‌ಆರ್‌ಎಲ್ (ಫಿಲ್ಟರ್, ರೆಗ್ಯುಲೇಟರ್, ಲ್ಯೂಬ್ರಿಕೇಟರ್ ಸೆಟ್) ಬೌಲ್‌ನ ಕೆಳಗಿನ ಡ್ರೈನ್ ಮರೀಬೇಡಿ.

ನನ್ನ ಅನುಭವದಲ್ಲಿ ಜಾಸ್ತಿ ಸೋರೋದು ಪುಶ್ ಫಿಟ್ಟಿಂಗ್ (ಟ್ಯೂಬ್ ಒಳಗೆ ತಳ್ಳಿದರೆ ಹಿಡಿದುಕೊಳ್ಳುವ ಜಾಯಿಂಟ್). ಒಂದು ಟ್ಯೂಬ್ ಬಿಚ್ಚಿ ತುದಿ ನೋಡಿ. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದ್ದರೆ ತುದಿ ಓರೆಯಾಗಿ, ಚಪ್ಪಟೆಯಾಗಿ, ಮೇಲೆ ಗೀರು ಬಿದ್ದಿರುತ್ತೆ. ಒಳಗಿನ ಸೀಲ್ ಅದನ್ನು ಸುತ್ತ ಹಿಡಿಯೋಕೆ ಆಗೋದಿಲ್ಲ. ಟ್ಯೂಬ್ ಕಟರ್‌ನಲ್ಲಿ ಒಂದು ಇಂಚು ನೇರವಾಗಿ ಕತ್ತರಿಸಿ, ತಳ ಮುಟ್ಟುವವರೆಗೂ ತಳ್ಳಿ. ಹೊಸ ಫಿಟ್ಟಿಂಗ್ ತರೋ ಮೊದಲು ಇದನ್ನು ಮಾಡಿ. 1 ಮಿ.ಮೀ. ತೂತಿನಿಂದ 6 ಬಾರ್‌ನಲ್ಲಿ ನಿಮಿಷಕ್ಕೆ ಸುಮಾರು 60 ಲೀಟರ್ ಹೋಗುತ್ತೆ. ಅಂಥವು ಹನ್ನೆರಡು ಹದಿಮೂರು ಇದ್ದರೆ ಸಾಕು, ನಿಮ್ಮ 770 ಲೀಟರ್ ಆಯ್ತು.

ಸಿಲಿಂಡರ್ ನಿಂತಿರುವಾಗಲೂ ವಾಲ್ವ್‌ನ ಸೈಲೆನ್ಸರ್‌ನಲ್ಲಿ ಗಾಳಿ ಬರ್ತಿದ್ದರೆ ಪಿಸ್ಟನ್ ಸೀಲ್ ಹೋಗಿರಬೇಕು, ಇಲ್ಲ ವಾಲ್ವ್ ಸ್ಪೂಲ್ (ವಾಲ್ವ್ ಒಳಗೆ ಸರಿದು ಗಾಳಿಯ ದಾರಿ ಬದಲಾಯಿಸುವ ಭಾಗ) ಹೋಗಿರಬೇಕು. ಎರಡನ್ನೂ ಬದಲಾಯಿಸಿ ದುಡ್ಡು ಹಾಳು ಮಾಡಬೇಡಿ. ಎಕ್ಸಾಸ್ಟ್ ಕಡೆಯ ಟ್ಯೂಬನ್ನು ಸಿಲಿಂಡರ್ ಹತ್ತಿರ ಬಿಚ್ಚಿ. ಸಿಲಿಂಡರ್ ಪೋರ್ಟಿಂದ ಗಾಳಿ ಬಂದರೆ ಪಿಸ್ಟನ್ ಸೀಲ್. ಪೋರ್ಟಿಂದ ಗಾಳಿ ಬರದೆ ಸೈಲೆನ್ಸರ್ ಇನ್ನೂ ಸುಯ್ ಅಂತಿದ್ದರೆ ವಾಲ್ವ್. ಬಿಚ್ಚುವಾಗ ಕೈ ಪಿಸ್ಟನ್ ರಾಡ್ ದಾರಿಯಲ್ಲಿ ಇರಬಾರದು, ಪ್ರೆಷರ್ ಇಳಿಸಿ ಬಿಚ್ಚಿ, ಆಮೇಲೆ ಗಾಳಿ ಕೊಡಿ.

ಉದ್ಯಮಬಾಗ್_ಅಣ್ಣ

ಬೆಳಗಾವಿಯಿಂದ. ಸೋರಿಕೆ ಆದ ಮೇಲೆ ವಾಪಸ್ ಸ್ಟ್ರೋಕ್ ನೋಡ್ರಿ. ಒತ್ತೋಕೆ 6 ಬಾರ್ ಬೇಕು, ಒಪ್ಪಿದೆ. ಬರಿಗೈಲಿ ಹಿಂದೆ ಬರೋಕೆ ಯಾಕೆ 6? 3 ಬಾರ್‌ನಲ್ಲೂ ಅದಕ್ಕೆ 80 ಕೆ.ಜಿ.ಗಿಂತ ಜಾಸ್ತಿ ಎಳೆತ ಇರುತ್ತೆ. ವಾಲ್ವ್ ಮತ್ತು ರಾಡ್ ಕಡೆಯ ಪೋರ್ಟ್ ಮಧ್ಯೆ ಒಂದು ರೆಗ್ಯುಲೇಟರ್ ಹಾಕ್ರಿ. ಅದರಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಗಾಳಿ ಬಿಡೋದು) ಇರಲೇಬೇಕು, ಇಲ್ಲದಿದ್ದರೆ ಮುಂದೆ ಹೋಗುವಾಗ ಗಾಳಿ ಹೊರಗೆ ಹೋಗೋಕೆ ದಾರಿ ಸಿಗಲ್ಲ. ಪ್ರತಿ ಸಲಕ್ಕೆ 1.8 ಲೀಟರ್ ಉಳಿಯುತ್ತೆ, ನಿಮ್ಮ ಹತ್ತು ಸ್ಟೇಷನ್‌ಗೆ ನಿಮಿಷಕ್ಕೆ 180. ಸಿಲಿಂಡರ್ ಖರ್ಚಿನ ಐದನೇ ಒಂದು ಭಾಗ.

ಬುಷ್‌ಗೆ ನಿಜಕ್ಕೂ ಎಷ್ಟು ಒತ್ತಡ ಬೇಕು ಅಂತ ಅಳೆದಿದ್ದೀರಾ? 63 ಬೋರ್ 190 ಕೆ.ಜಿ. ಕೊಡುತ್ತೆ, 50 ಬೋರ್ 120. 80 ಸಾಕು ಅಂತಾದರೆ ಮುಂದಿನ ಫಿಕ್ಸ್ಚರ್‌ಗೆ 50 ಹಾಕ್ರಿ. ಈಗಿರೋದನ್ನು ಕಿತ್ತು ಬದಲಾಯಿಸೋದು ಬೇಡ.

ಲೈನ್_ಮೇಂಟೆನೆನ್ಸ್

ಅಣ್ಣ ಹೇಳಿದ್ದು ಸರಿ, ಒಂದು ಎಚ್ಚರಿಕೆ ಸೇರಿಸ್ತೀನಿ. ಭಾರ ಎತ್ತುವ ಸಿಲಿಂಡರ್‌ಗೆ ಇದನ್ನು ಹಾಗೇ ಮಾಡಬೇಡಿ. ಜಾಬ್ ಹಿಡಿಯುವ ಕ್ಲ್ಯಾಂಪ್‌ಗಂತೂ ಪ್ರೆಷರ್ ಇಳಿಸುವ ಮೊದಲು ಹತ್ತು ಸಲ ಯೋಚಿಸಿ. ಕರೆಂಟ್ ಬಿಲ್ ಉಳಿಸೋಕೆ ಹೋಗಿ ಯಾರದ್ದೋ ಬೆರಳು ಹೋಗಬಾರದು.

ಇನ್ನೊಂದು. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲೂ ಫುಲ್ ಲೋಡ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ಎಳೆಯುತ್ತೆ. ಹಾಗಾಗಿ ಉಳಿದ ಗಾಳಿಯೆಲ್ಲ ಬಿಲ್‌ನಲ್ಲಿ ಕಾಣೋದಿಲ್ಲ. ಸೋರಿಕೆ ನಿಂತ ಮೇಲೆ ಕಟ್ ಆಫ್ 8ರಿಂದ 7ಕ್ಕೆ ತನ್ನಿ. ಒಂದು ಬಾರ್ ಇಳಿಸಿದರೆ ಆರೇಳು ಪರ್ಸೆಂಟ್ ಕರೆಂಟ್ ಕಡಿಮೆ, ಮತ್ತೆ ಮಿಕ್ಕ ಸಣ್ಣಪುಟ್ಟ ತೂತುಗಳೂ ಅಷ್ಟು ಕಡಿಮೆ ಸೋರುತ್ತವೆ.

ಪೀಣ್ಯ_ಫಿಕ್ಸ್ಚರ್

ಮೂರು ವಾರ ಆಯ್ತು. 14 ಟ್ಯೂಬ್ ತುದಿ ಓರೆಯಾಗಿದ್ದವು, ಎಲ್ಲಾ ಕತ್ತರಿಸಿ ಹಾಕಿದ್ವಿ. ಎರಡು ಬೌಲ್ ಡ್ರೈನ್, ಎರಡು ಪಿಸ್ಟನ್ ಸೀಲ್, ಒಂದು ವಾಲ್ವ್. ಈಗ ಲೋಡ್ 20, ಅನ್‌ಲೋಡ್ 180. ಹತ್ತು ಪರ್ಸೆಂಟ್. ಕಟ್ ಆಫ್ 7ಕ್ಕೆ ಇಳಿಸಿದ್ದೇವೆ, ಮಧ್ಯಾಹ್ನ ಲೈನ್ 6ರಲ್ಲೇ ನಿಲ್ಲುತ್ತಿದೆ. ಏರ್ ಗನ್‌ಗಳಿಗೂ ನಾಝಲ್ ತರಿಸಿದ್ದೇನೆ, ತೆರೆದ ಪೈಪಲ್ಲೇ ಊದ್ತಿದ್ದರು.

ಒಂದು ಸ್ಟೇಷನ್‌ಗೆ 3 ಬಾರ್ ರೆಗ್ಯುಲೇಟರ್ ಹಾಕಿದೆ. ವಾಪಸ್ ಹೊರಡೋಕೆ ಸ್ವಲ್ಪ ತಡ ಮಾಡುತ್ತೆ. ಯಾಕೆ?

ಉದ್ಯಮಬಾಗ್_ಅಣ್ಣ

ಮುಂದಕ್ಕೆ ಒತ್ತಿದ್ದ 6 ಬಾರ್ ಗಾಳಿ ಖಾಲಿಯಾಗೋವರೆಗೂ 3 ಬಾರ್‌ಗೆ ತಳ್ಳೋಕೆ ಆಗಲ್ಲ, ಅದಕ್ಕೇ ತಡ. 3.5 ಮಾಡಿ ನೋಡ್ರಿ. ಸಾಲದಿದ್ದರೆ ಹಿಂದಿನ ಪೋರ್ಟ್‌ಗೇ ಕ್ವಿಕ್ ಎಕ್ಸಾಸ್ಟ್ ವಾಲ್ವ್ (ಗಾಳಿಯನ್ನು ಅಲ್ಲೇ ಬೇಗ ಹೊರಗೆ ಬಿಡೋದು) ಹಾಕ್ರಿ. ಆದರೆ ಆಗ ಆ ಕಡೆಯ ಫ್ಲೋ ಕಂಟ್ರೋಲ್ (ವೇಗ ಹಿಡಿತದಲ್ಲಿಡೋದು) ಕೆಲಸ ಮಾಡಲ್ಲ, ಪಿಸ್ಟನ್ ಹಿಂದೆ ಬಂದು ಢಣ್ ಅಂತ ಹೊಡೆಯುತ್ತೇನೋ ಕೇಳಿಸಿಕೊಳ್ರಿ, ಕುಷನ್ ಸ್ಕ್ರೂ (ಕೊನೆಯಲ್ಲಿ ಪಿಸ್ಟನ್ ನಿಧಾನ ಮಾಡೋದು) ಒಂಚೂರು ಬಿಗಿ ಮಾಡಬೇಕಾಗಬಹುದು.