ಸಹಾಯ ಬೇಕು: ತರಕಾರಿ ಕಟರ್‌ಗೆ ಯಾವ ಎಚ್‌ಎಸ್ ಕೋಡ್?

ಎಲ್ಲರಿಗೂ ನಮಸ್ಕಾರ. ಚೀನಾದಿಂದ ಅಡುಗೆಮನೆಯ ಸಣ್ಣಪುಟ್ಟ ಸಾಮಾನು ತರಿಸುತ್ತಿದ್ದೇನೆ. ಮಾಲು ಚೆನ್ನೈ ಬಂದರಿಗೆ ಬರುವ ಮೊದಲೇ ಎಚ್‌ಎಸ್ ಕೋಡ್ (ಕಸ್ಟಮ್ಸ್‌ಗಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) ಖಚಿತ ಆಗಬೇಕು.

ಸ್ಟೀಲ್ ಡಬ್ಬ 7323, ಪ್ಲಾಸ್ಟಿಕ್ ಬುಟ್ಟಿ 3924. ಅದರಲ್ಲಿ ತಕರಾರಿಲ್ಲ. ದಾರ ಎಳೆದರೆ ಬ್ಲೇಡ್ ಗಿರ್ರನೆ ತಿರುಗುವ ಚಾಪರ್ ಕೂಡ 8210 ಅಂತ ಒಪ್ಪಿದ್ದೇವೆ. 8210 ಅಂದರೆ ಆಹಾರ ತಯಾರಿಗೆ ಕೈಯಿಂದ ನಡೆಸುವ, 10 ಕೆಜಿ ಮೀರದ ಯಾಂತ್ರಿಕ ಸಾಧನ.

ತಲೆನೋವು ಇನ್ನೊಂದು ಕಟರ್‌ನದ್ದು. ಡಬ್ಬದ ಮೇಲೆ ಸ್ಟೀಲ್ ಬ್ಲೇಡಿನ ಜಾಲರಿ. ಈರುಳ್ಳಿ ಇಟ್ಟು ಮುಚ್ಚಳ ಒತ್ತಿದರೆ ಚೌಕ ಚೌಕ ತುಂಡು ಕೆಳಗೆ ಬೀಳುತ್ತದೆ. ಗೇರ್ ಇಲ್ಲ, ಹಿಡಿ ತಿರುಗಿಸುವುದೂ ಇಲ್ಲ. ಎಚ್‌ಎಸ್ ವಿವರಣಾ ಟಿಪ್ಪಣಿ ಪ್ರಕಾರ ಬರೀ ಸನ್ನೆಕೋಲಿನಂತೆ (ಲಿವರ್) ಒತ್ತುವುದಿದ್ದರೆ ಅದು ಯಾಂತ್ರಿಕ ಅಲ್ಲ. ಆದರೆ ಮೇಜಿನ ಮೇಲೆ ನಿಲ್ಲಲು ತಳ ಇದ್ದರೆ ಅಥವಾ ಗೋಡೆಗೆ ಕೂರಿಸುವಂತಿದ್ದರೆ ಯಾಂತ್ರಿಕವೇ. ಇದರ ಡಬ್ಬದ ಅಡಿಯಲ್ಲಿ ನಾಲ್ಕು ರಬ್ಬರ್ ಗುಂಡಿಗಳಿವೆ. ಅದನ್ನು ತಳ ಅನ್ನಬಹುದಾ?

ಮಾರಾಟಗಾರ ಇನ್‌ವಾಯ್ಸಿನಲ್ಲಿ ಸುಮ್ನೆ 3924 ಅಂತ ಬರೆದಿದ್ದಾನೆ. ಪ್ಲಾಸ್ಟಿಕ್ ಜಾಸ್ತಿ ಇದೆ, ಅಷ್ಟೇ ಅವನ ಲೆಕ್ಕ! ನಮ್ಮ ಕಸ್ಟಮ್ಸ್ ಬ್ರೋಕರ್ 8210 ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ, ಕತ್ತರಿಸುವುದೇ ಇದರ ಕೆಲಸ ಅಲ್ವಾ?

ಇದೇ ಡಬ್ಬದ ಜೊತೆ ಪೀಲರ್, ಬ್ರಷ್ ಸೇರಿಸಿದ ಸೆಟ್ಟೂ ಇದೆ. ಎಚ್‌ಎಸ್ ವರ್ಗೀಕರಣದ ನಿಯಮ 3(ಬಿ) ಪ್ರಕಾರ ಮುಖ್ಯ ವಸ್ತುವಿನ ಕೋಡೇ ಪೂರ್ತಿ ಸೆಟ್‌ಗೆ ಅಂತ ನನ್ನ ತಿಳುವಳಿಕೆ.

ಇಂಥ ಮಾಲು ಬಿಡಿಸಿಕೊಂಡವರು ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಯಾವ ಕೋಡ್ ಹಾಕಿದ್ದಿರಿ, ದಯವಿಟ್ಟು ತಿಳಿಸಿ. ಸಣ್ಣ ಲೋಡಿಗೂ ಮುಂಗಡ ತೀರ್ಪಿಗೆ (ಆಮದಿಗೆ ಮೊದಲೇ ಕೋಡ್ ಬಗ್ಗೆ ಅಧಿಕೃತ ನಿರ್ಧಾರ ಪಡೆಯುವುದು) ಅರ್ಜಿ ಹಾಕುವುದು ಲಾಭವೇ?