70 ಜನರ ಬಿ.ಕಾಂ. ಕ್ಲಾಸು, ಬಾಯಿ ತೆರೆಯುವುದು ಮುಂದಿನ ಬೆಂಚು ಮಾತ್ರ

ಲೆಡ್ಜರ್ ಮೇಡಂ:
ಮೊದಲ ಸೆಮಿಸ್ಟರ್ ಬಿ.ಕಾಂ., 70 ವಿದ್ಯಾರ್ಥಿಗಳು, ಕದಲದ ಉದ್ದ ಬೆಂಚುಗಳು, 55 ನಿಮಿಷದ ಪೀರಿಯಡ್. ಅಕೌಂಟ್ಸ್‌ನಲ್ಲಿ ಸವಕಳಿ (ಯಂತ್ರದಂಥ ಆಸ್ತಿಯ ಬೆಲೆ ವರ್ಷವರ್ಷ ಇಳಿಯುವ ಲೆಕ್ಕ) ಪಾಠ ನಡೆಯುತ್ತಿದೆ. ಏನು ಕೇಳಿದರೂ ಉತ್ತರಿಸುವುದು ಅದೇ ನಾಲ್ಕೈದು ಜನ. ಅರ್ಧಕ್ಕಿಂತ ಹೆಚ್ಚಿನವರು ಪಿಯುಸಿವರೆಗೆ ಕನ್ನಡ ಮಾಧ್ಯಮ. ಪ್ರೊಜೆಕ್ಟರ್ ಇಲ್ಲ, ಮೊಬೈಲ್ ಆ್ಯಪ್ ನಂಬುವಂತಿಲ್ಲ. ಏನು ಮಾಡಬಹುದು?

ಚಾಕ್‌ಪೀಸ್:
ಮೊದಲು "ಅರ್ಥ ಆಯ್ತಾ?" ಅನ್ನುವುದನ್ನು ಬಿಡಿ ಮೇಡಂ, ಅದಕ್ಕೆ "ಹೂಂ" ಅಲ್ಲದೆ ಬೇರೆ ಉತ್ತರವೇ ಇಲ್ಲ. ಬೋರ್ಡಿನ ಮೇಲೆ ಹೀಗೆ ಬರೆಯಿರಿ: 1,00,000 ರೂಪಾಯಿಯ ಯಂತ್ರ, ಡಬ್ಲ್ಯೂಡಿವಿ ಪದ್ಧತಿ, ವರ್ಷಕ್ಕೆ ಶೇ. 10. ಮೂರನೇ ವರ್ಷದ ಸವಕಳಿ ಎಷ್ಟು? ಎ) 10,000 ಬಿ) 9,000 ಸಿ) 8,100 ಡಿ) 7,290.

ಡಬ್ಲ್ಯೂಡಿವಿಯಲ್ಲಿ ಪ್ರತಿ ವರ್ಷ ಸವಕಳಿ ಕಳೆದು ಉಳಿದ ಬೆಲೆಯ ಮೇಲೆ ಲೆಕ್ಕ, ಹಾಗಾಗಿ ಸರಿಯುತ್ತರ ಸಿ. ಎ ಅಂದವರು ಮೂಲ ಬೆಲೆಯ ಮೇಲೇ ಲೆಕ್ಕ ಹಾಕಿದ್ದಾರೆ. ಬಿ, ಡಿ ಅಂದವರು ವರ್ಷ ಎಣಿಸುವಲ್ಲಿ ಎಡವಿದ್ದಾರೆ. ತಪ್ಪು ಆಯ್ಕೆಗಳು ಹೀಗೆ ಮಕ್ಕಳು ನಿಜಕ್ಕೂ ಮಾಡುವ ತಪ್ಪಿನಿಂದಲೇ ಬರಬೇಕು, ಬಾಯಿಗೆ ಬಂದ ಅಂಕಿ ಹಾಕಿ ಪ್ರಯೋಜನವಿಲ್ಲ.

ಒಂದೂವರೆ ನಿಮಿಷ ಮಾತಿಲ್ಲದೆ ಲೆಕ್ಕ. ಆಮೇಲೆ ನೀವು "ಒಂದು, ಎರಡು, ಮೂರು" ಅಂದ ಕೂಡಲೇ ಎಲ್ಲರೂ ಒಟ್ಟಿಗೆ, ಎದೆಗೆ ಒತ್ತಿ ಬೆರಳು ತೋರಿಸಲಿ: ಎ ಆದರೆ ಒಂದು, ಬಿ ಆದರೆ ಎರಡು. ಕೈ ಮೇಲೆತ್ತಿಸಿದರೆ ಹಿಂದಿನವರು ಮುಂದಿನವರನ್ನು ನೋಡಿಕೊಂಡು ಎತ್ತುತ್ತಾರೆ. ಸರಿಯುತ್ತರ ಶೇ. 30ರಿಂದ 70ರ ನಡುವೆ ಬಂದರೆ ಪಕ್ಕದವರೊಡನೆ 2-3 ನಿಮಿಷ ವಾದ ಮಾಡಲಿ, ಮತ್ತೆ ಬೆರಳು. 30ಕ್ಕಿಂತ ಕಡಿಮೆಯಾದರೆ ಪಾಠವನ್ನೇ ಇನ್ನೊಮ್ಮೆ ಮಾಡಿ. 70 ದಾಟಿದರೆ ಎರಡು ಮಾತಲ್ಲಿ ಮುಗಿಸಿ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಭೌತಶಾಸ್ತ್ರದ ಕ್ಲಾಸಿಗೆಂದು 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ಕ್ರಮ ಇದು. ಮೊದಲ ಸುತ್ತಿನ ನಂತರ ಸರಿಯುತ್ತರ ಬಾಯಿಬಿಡಬೇಡಿ, ಬಿಟ್ಟರೆ ವಾದ ಅಲ್ಲಿಗೇ ಮುಗಿಯಿತು.

ಕೊನೆಬೆಂಚು:
ವಾದ ಕನ್ನಡದಲ್ಲೇ ಮಾಡಬಹುದು ಅಂತ ಮೊದಲೇ ಹೇಳಿ. ಇಂಗ್ಲಿಷ್ ಪರೀಕ್ಷೆಗೆ ಬೇಕಾದ ಪದಗಳು ಬೋರ್ಡಿನ ಮೂಲೆಯಲ್ಲಿರಲಿ. 1, 3, 5ನೇ ಸಾಲಿನವರು ಹಿಂದಕ್ಕೆ ತಿರುಗಿ ಕೂತರೆ ಕದಲದ ಬೆಂಚಿನಲ್ಲೂ ಗುಂಪಾಗುತ್ತದೆ.

ಹೆಸರು ಹಿಡಿದು ಎಬ್ಬಿಸಬೇಡಿ. "ಆರನೇ ಬೆಂಚಿನಲ್ಲಿ ಏನು ತೀರ್ಮಾನ ಆಯ್ತು?" ಅನ್ನಿ, ತಪ್ಪಾದರೂ ಅದು ಬೆಂಚಿನ ತಪ್ಪು, ಒಬ್ಬರ ಮರ್ಯಾದೆ ಹೋಗುವುದಿಲ್ಲ. ಕೇಳಿದ ಮೇಲೆ ಕನಿಷ್ಠ 3 ಸೆಕೆಂಡ್ ಸುಮ್ಮನಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಾಲೆಗಳಲ್ಲಿ ಅಳೆದು ನೋಡಿದಾಗ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನಷ್ಟು. ಆ ಮೂರು ಸೆಕೆಂಡ್ ಮೇಷ್ಟ್ರಿಗೇ ಹೆಚ್ಚು ಕಷ್ಟ!

ಲೆಡ್ಜರ್ ಮೇಡಂ:
ಹೀಗೆ ಮಾಡುತ್ತಾ ಕೂತರೆ ಸಿಲಬಸ್ ಮುಗಿಯುತ್ತದಾ? ಮಾತಾಡಿದವರಿಗೆ ಇಂಟರ್ನಲ್ಸ್ ಮಾರ್ಕ್ಸ್ ಕೊಟ್ಟರೆ ಹೇಗೆ?

ಕಡತ:
ಒಂದು ಪ್ರಶ್ನೆಗೆ 6-7 ನಿಮಿಷ, ಪೀರಿಯಡ್‌ಗೆ ಎರಡು ಸಾಕು. ನಿಜಕ್ಕೂ ಸಮಯ ತಿನ್ನುವುದು ನೋಟ್ಸ್ ಬರೆಸುವುದು. ಅದನ್ನು ಜೆರಾಕ್ಸ್ ಅಂಗಡಿಯಲ್ಲಿಟ್ಟುಬಿಡಿ.

ಮಾತಿಗೆ ಮಾರ್ಕ್ಸ್ ಬೇಡ. ಈಗ ಮಾತಾಡುವ ಆ ನಾಲ್ವರೇ ಇನ್ನಷ್ಟು ಜೋರಾಗುತ್ತಾರೆ, ಅಷ್ಟೆ. ಬದಲಿಗೆ ಕೊನೆಯ 3 ನಿಮಿಷದಲ್ಲಿ ಹೆಸರಿಲ್ಲದ ಚೀಟಿ ಬರೆಸಿ: ಇವತ್ತು ಯಾವ ಹಂತದಲ್ಲಿ ಸಿಕ್ಕಿಹಾಕಿಕೊಂಡಿರಿ? ಒಂದೇ ಬಗೆಯ ಚೀಟಿಗಳನ್ನು ಒಟ್ಟು ಹಾಕಿ, ದೊಡ್ಡ ರಾಶಿಯಿಂದಲೇ ಮರುದಿನದ ಪಾಠ ಶುರು ಮಾಡಿ. ಓದಿ ಸುಮ್ಮನಿದ್ದರೆ ಕೆಲವೇ ದಿನದಲ್ಲಿ ಎಲ್ಲ ಚೀಟಿಯಲ್ಲೂ "ಅರ್ಥ ಆಯ್ತು ಮೇಡಂ" ಅಂತಲೇ ಇರುತ್ತದೆ.